ಪರದೇಶಕ್ಕೆ ಹೊರಟವರು ಮತ್ತು ನನ್ನ ಹಸಿರು ಕಾಗದ

ಪಾಸ್‌ಪೋರ್ಟಿನ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟವನು ನಗಬೇಕೆಂದರೆ ಬೇರೆಲ್ಲೂ ಹೋಗಬೇಕಾಗಿಲ್ಲ. ಜನ ತಾವಾಗಿಯೇ ಬಂದು, ಕುರ್ಚಿ ಎಳೆದುಕೊಂಡು ಕೂತು, ನಗಿಸಿ, ಮೇಲೆ ಝೆರಾಕ್ಸಿನ ರೊಕ್ಕವನ್ನೂ ಕೊಟ್ಟು ಹೋಗುತ್ತಾರೆ.

ಬೀದರಿನಲ್ಲಿ ನನ್ನದು ಅಂಥದೊಂದು ಅಂಗಡಿ. ನಾನು ಕಣ್ಣಾರೆ ಕಂಡ ಪರದೇಶಗಳು ಎರಡೇ, ಒಂದು ತೆಲಂಗಾಣದ ಜಹೀರಾಬಾದ್, ಇನ್ನೊಂದು ಮಹಾರಾಷ್ಟ್ರದ ಉದಗೀರ. ಆದರೂ ವಿಮಾನ ಹತ್ತುವವರಿಗೆಲ್ಲ ಬುದ್ಧಿ ಹೇಳುವವನು ನಾನೇ. ಹೇಳಿ ಹೇಳಿ ಗಂಟಲು ನೋಯತೊಡಗಿದಾಗ ಎಲ್ಲವನ್ನೂ ಒಂದು ಕಾಗದದ ಮೇಲೆ ಟೈಪ್ ಮಾಡಿಸಿದೆ. ಯಾರೋ ಮದುವೆ ಕಾರ್ಡಿಗೆಂದು ತಂದು ಬಿಟ್ಟುಹೋದ ಹಸಿರು ಕಾಗದದ ಕಟ್ಟೊಂದು ಮೂಲೆಯಲ್ಲಿ ಬಿದ್ದಿತ್ತು, ಅದಕ್ಕೇ ಮುದ್ರಿಸಿದೆ. ಮೊದಲು ಒಂದೇ ಬದಿ ಇತ್ತು. ಹೋಗಿ ಬಂದವರು ಒಬ್ಬೊಬ್ಬರೂ ಒಂದೊಂದು ಎಡವಟ್ಟು ಮಾಡಿಕೊಂಡು ಬಂದು ಹೇಳಿದಂತೆ ಇನ್ನೊಂದು ಬದಿಯೂ ತುಂಬಿತು.

ಈ ಕಾಗದದ ನಿಜವಾದ ಪರೀಕ್ಷೆ ನಡೆದದ್ದು ನನ್ನ ಅತ್ತೆಯ ಮೇಲೆ. ನನ್ನ ಹೆಂಡತಿಯ ತಂಗಿ ಇಂಗ್ಲೆಂಡಿನಲ್ಲಿ ನರ್ಸು. ಚೊಚ್ಚಲ ಬಸುರಿ, ದಿನ ತುಂಬುತ್ತ ಬಂದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಎದ್ದು ಮಗಳ ಹತ್ತಿರ ಹೋಗಬೇಕು. ತವರು ಅಂದರೆ ಭಾಲ್ಕಿಯಲ್ಲಿದ್ದ ನನ್ನ ಅತ್ತೆಯೊಬ್ಬಳೇ. ಮಿಶನ್ ದವಾಖಾನೆಯಲ್ಲಿ ಆಯಾ ಆಗಿ ರಿಟೈರ್ ಆದವಳು, ಅರ್ಧ ಭಾಲ್ಕಿಯನ್ನು ಮೊದಲು ಕೈಗೆ ಎತ್ತಿಕೊಂಡವಳು. ಆಕೆಗೆ ಬರುತ್ತಿದ್ದ ಇಂಗ್ಲಿಷು ಮೂರು ಶಬ್ದ: ಸಿಸ್ಟರ್, ಪುಶ್, ಬೆಡ್‌ಪ್ಯಾನ್. ಮೂರರಲ್ಲಿ ಒಂದೂ ವಿಮಾನ ನಿಲ್ದಾಣದಲ್ಲಿ ಉಪಯೋಗಕ್ಕೆ ಬರುವಂಥದ್ದಲ್ಲ. ಅಂಥವಳು ಒಬ್ಬಳೇ ಹೋಗಬೇಕು, ಹೆರಿಗೆಗೆ ಮುಂಚೆ ಮುಟ್ಟಬೇಕು.

"ನಮ್ಮವ್ವ ಅಲ್ಲಿ ಮುಟ್ಟಲಿಲ್ಲಂದ್ರ ನನ್ನ ತಂಗಿ ಒಬ್ಬಾಕಿನೇ ಹಡೀಬೇಕಾಗ್ತದ," ಎಂದಳು ನನ್ನ ಹೆಂಡತಿ. "ಊರಿಗೆಲ್ಲಾ ಬುದ್ಧಿ ಹೇಳ್ತೀರಲ್ಲ, ಈಗ ನಮ್ಮವ್ವಗ ಹೇಳ್ರಿ."

ಹೀಗಾಗಿ ಅತ್ತೆ ಒಂದು ತಿಂಗಳು ಮೊದಲೇ ಬೀದರಿನ ಅಂಚಿನ ಚಿದ್ರಿಯ ನಮ್ಮ ಮನೆಗೆ ಬಂದು, ದಿನಾ ಅಂಗಡಿಯಲ್ಲಿ ಕೂತು ನನ್ನ ಪಾಠ ಕೇಳತೊಡಗಿದಳು. ಪಾಠ ಅಂದರೆ ಬೇರೆಯವರ ಫಜೀತಿಗಳೇ.

ಕಂಡಕ್ಟರಿಗೆ ಹೇಳಿ ಬರುವುದು

ಬಗದಲ್‌ನ ಗಾರೆ ಕೆಲಸದ ಒಬ್ಬ ಗೌಂಡಿ ಮಸ್ಕತ್‌ಗೆ ಕೆಲಸಕ್ಕೆ ಹೊರಟ. ಕಳಿಸಲು ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಒಂದು ಜೀಪಿನ ತುಂಬ ಹದಿನಾರು ಮಂದಿ ಹೋದರು. ಬಾಗಿಲಲ್ಲಿ ಬಂದೂಕು ಹಿಡಿದ ಜವಾನ ತಡೆದು, ಎಷ್ಟು ಮಂದಿ ಹೋಗುವವರು ಎಂದು ಕೇಳಿದ.

ಗೌಂಡಿಯ ಅಣ್ಣ ಮುಂದೆ ಬಂದು ಹೇಳಿದ: "ಹೋಗಾಂವ ಒಬ್ಬೇ ಇದ್ದಾನ್ರಿ. ಉಳದವ್ರು ಸೀಟಿನ ಮ್ಯಾಲ ಕೂಡಿಸ್ಲಾಕ ಬಂದೇವಿ."

ಯಾರನ್ನೂ ಬಿಡುವುದಿಲ್ಲ ಎಂದ ಜವಾನ. ಅಣ್ಣ ಬಗ್ಗಲಿಲ್ಲ. ನಮ್ಮ ಕಡೆ ಹಿರಿಯರನ್ನೋ ಹೊಸಬರನ್ನೋ ಬಸ್ಸು ಹತ್ತಿಸಿದರೆ, ಕಂಡಕ್ಟರಿಗೆ "ಜರಾ ನೋಡಿ ಇಳಸ್ರಿ" ಎಂದು ಒಂದು ಮಾತು ಹೇಳದೆ ಯಾರೂ ಮನೆಗೆ ವಾಪಸು ಬರುವುದಿಲ್ಲ. ಬಂದರೆ ಅವನು ಮನುಷ್ಯನೇ ಅಲ್ಲ.

"ಎಲ್ಲಾರೂ ಬ್ಯಾಡ್ರಿ, ನಾ ಒಬ್ಬವ ಒಳಗ ಹೋಗಿ ಕಂಡಕ್ಟರಗ ಹೇಳಿ ಬರ್ತೇನಿ. ನಮ್ಮ ತಮ್ಮ ಮಲಕೊಂಡ್ರ ಹೆಣ ಇದ್ದಂಗ. ಮಸ್ಕತ್ ಬಂದ ಕೂಡ್ಲೆ ಎಬ್ಬಿಸಿ ಇಳಸ್ರಿ ಅಂತ ಅಷ್ಟೇ ಹೇಳಾಂವ ಇದ್ದೀನಿ."

ಜವಾನ ನಕ್ಕು, ಆ ವಿಮಾನ ಮಸ್ಕತ್‌ನಿಂದ ಮುಂದೆ ಹೋಗುವುದಿಲ್ಲ, ಚಿಂತೆ ಬೇಡ ಎಂದ.

"ಅಂದ್ರ ಅದೇ ಕಡೀ ಸ್ಟಾಪ್ ಏನ್ರಿ?"

"ಅದೇ."

"ಹಂಗಂದ್ರ ಬರೋಬ್ಬರಿ," ಎಂದು ಅಣ್ಣ ಹದಿನೈದು ಮಂದಿಯನ್ನೂ ಜೀಪಿಗೆ ಹತ್ತಿಸಿದ.

ಅಣ್ಣ ಹೇಳಿದಂತೆಯೇ ಗೌಂಡಿ ಮಲಗಿದ. ಮಸ್ಕತ್ ಬಂತು, ಜನ ಇಳಿದರು, ಇವನಿಗೆ ಎಚ್ಚರವಿಲ್ಲ. ಕಡೆಗೆ ವಿಮಾನದ ಕಸ ಗುಡಿಸಲು ಬಂದ ಒಬ್ಬಾತ ಇವನ ಹೆಗಲ ಮೇಲಿನ ಟವಲು ನೋಡಿ, ಭುಜ ಅಲುಗಿಸಿ ಹೇಳಿದನಂತೆ: "ಏ ಅಣ್ಣಾ, ಏಳ್ರಿ, ಮಸ್ಕತ್ ಬಂತು." ಅವನು ನಮ್ಮ ಜಿಲ್ಲೆಯ ಔರಾದಿನವನು!

ಬಗದಲ್‌ನ ಅಣ್ಣ ಇವತ್ತಿಗೂ ನನ್ನ ಅಂಗಡಿಗೆ ಬಂದರೆ ಮೀಸೆ ತಿರುವಿ ಹೇಳುತ್ತಾನೆ: "ನೋಡ್ರಿ, ಗೇಟಿನಾವಗ ಒಂದ್ ಮಾತ ಹೇಳಿದ್ದಕ್ಕ ಅವ್ರು ಎಷ್ಟ್ ವ್ಯವಸ್ಥಾ ಮಾಡಿದ್ರು!"

ಒಂದು ಬಾರಿಯ 'ಬ್ಯಾಡ್ರಿ'

ನಮ್ಮ ಚರ್ಚಿನಿಂದ ಒಂದು ತಂಡ ಯೆರೂಸಲೇಮಿಗೆ ಹೋಯಿತು. ಅದರಲ್ಲಿ ಒಬ್ಬರು ರಿಟೈರ್ ಆದ ಹೆಡ್‌ಮಾಸ್ತರು. ಬಲು ಮರ್ಯಾದಸ್ಥ ಜೀವ. ಯಾರ ಮನೆಗೆ ಹೋದರೂ ಮೊದಲ ಸಲ ಬ್ಯಾಡ ಅನ್ನುವುದು, ಎರಡನೆಯ ಸಲ ಹೊಟ್ಟೆ ಮುಟ್ಟಿ ತೋರಿಸುವುದು, ಮೂರನೆಯ ಸಲ "ನೀವು ಇಷ್ಟ ಅಂತೀರಂದ್ರ..." ಎಂದು ಎಲೆಯ ಮುಂದೆ ಕೂತು ಐದು ರೊಟ್ಟಿ ಉಣ್ಣುವುದು. ಇದು ಅವರೊಬ್ಬರ ಪದ್ಧತಿಯಲ್ಲ, ನಮ್ಮೆಲ್ಲರದೂ ಹೀಗೇ. ಕೇಳಿದ ಕೂಡಲೇ ಹೂಂ ಅಂದರೆ ಉಪವಾಸ ಬಿದ್ದು ಬಂದವನೆಂದು ಜನ ತಿಳಿದಾರು.

ವಿಮಾನದಲ್ಲಿ ಊಟದ ಗಾಡಿ ತಳ್ಳಿಕೊಂಡು ಬಂದ ಹುಡುಗಿ ಕೇಳಿದಳು. ಮಾಸ್ತರು ಕೈ ಅಡ್ಡ ಹಿಡಿದು, ಮೆಲ್ಲಗೆ ನಕ್ಕು, "ನೋ ನೋ" ಎಂದರು. ಹುಡುಗಿಯೂ ನಕ್ಕು ಮುಂದೆ ಹೋದಳು.

ಮಾಸ್ತರು ಕಾದರು. ಎರಡನೆಯ ಸಲ ಕೇಳಲು ಈಗ ಬರುತ್ತಾಳೆ, ಇನ್ನು ಬರುತ್ತಾಳೆ. ಅವಳು ಬಂದಳು, ಪಕ್ಕದವರ ಖಾಲಿ ತಟ್ಟೆ ಒಯ್ದಳು. ಅಷ್ಟೇ. ಮುಂದಿನ ವಿಮಾನದಲ್ಲಿಯೂ ಅದೇ ಕಥೆ. ಒಮ್ಮೆ ಕೇಳಿದ ಕೂಡಲೇ ಹೌದು ಅನ್ನುವುದಕ್ಕೆ ಅರವತ್ತೈದು ವರ್ಷದ ನಾಲಿಗೆ ಏಳಲಿಲ್ಲ.

ಯೆರೂಸಲೇಮು ಮುಟ್ಟಿದಾಗ ಮಾಸ್ತರರ ಮುಖ ಬಾಡಿ ಹೋಗಿತ್ತು. ತಂಡ ಕರೆದೊಯ್ದಿದ್ದ ಪಾದ್ರಿಗಳು ಅದನ್ನು ಗಮನಿಸಿದರು. ಎಲ್ಲರನ್ನೂ ಗುಂಪಾಗಿ ನಿಲ್ಲಿಸಿ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು: "ನೋಡ್ರಿ, ನಾವೆಲ್ಲಾ ದಾರಿಯುದ್ದಕ್ಕೂ ತಿಂದಕೋತ ಬಂದೇವಿ. ನಮ್ಮ ಹಿರಿಯರು ಒಬ್ಬರೇ ಬೀದರದಿಂದ ಪವಿತ್ರ ಭೂಮಿ ತನಕ ಉಪವಾಸ ಬಂದಾರ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಸ್ತರು ಏನು ಹೇಳಿಯಾರು? ಅವತ್ತು ಮಧ್ಯಾಹ್ನವೂ ಉಪವಾಸ ಮಾಡಿದರು.

ಕಾಗದದಲ್ಲಿ ಹೊಸ ಸಾಲು ಸೇರಿತು: 'ಪರದೇಶದಲ್ಲಿ ಒಮ್ಮೆ ಬೇಡವೆಂದರೆ ಬೇಡವೇ. ಎರಡನೆಯ ಸಲ ಕೇಳುವುದಿಲ್ಲ.' ಇದನ್ನು ಓದಿ ಹೇಳಿದಾಗ ಅತ್ತೆ, "ಅಂಥಾ ಮಂದಿ ಕೂಡ ನನ್ನ ಮಗಳು ಹ್ಯಾಂಗ ಸಂಸಾರ ಮಾಡ್ತಾಳೋ," ಎಂದಳು.

ಕುರಿ ಇದ್ದವನ ಮರ್ಯಾದೆ

ಯಾವುದೋ ಸಂಘದವರು ಕುರಿ ಸಾಕುವವರನ್ನು ಆಸ್ಟ್ರೇಲಿಯಾಕ್ಕೆ ಕುರಿ ನೋಡಲು ಕಳಿಸಿದರು. ನಮ್ಮ ಕಡೆಯಿಂದ ಮೂವರು ಹೋದರು. ಒಬ್ಬನಿಗೆ ಕುರಿ ಇದ್ದವು, ಉಳಿದಿಬ್ಬರಿಗೆ ವಶೀಲಿ ಇತ್ತು. ಕುರಿ ಇದ್ದವನು ಔರಾದಿನ ಕಡೆಯ ಒಬ್ಬ ಕಾಕಾ. ತಲೆಗೆ ಕೆಂಪು ರುಮಾಲು, ಹೆಗಲಿಗೆ ಕಂಬಳಿ, ಕಾಲಿಗೆ ಎತ್ತಿನ ಚರ್ಮದ ದಪ್ಪ ಚಪ್ಪಲಿ.

ಆಸ್ಟ್ರೇಲಿಯಾದಲ್ಲಿ ಇಳಿಯುವವರು ಒಂದು ಫಾರ್ಮು ತುಂಬಬೇಕು. ಇತ್ತೀಚೆಗೆ ದನಕುರಿಗಳ ಹತ್ತಿರ ಹೋಗಿದ್ದಿರೇನು ಎಂದು ಅದರಲ್ಲಿ ಒಂದು ಪ್ರಶ್ನೆ. ವಶೀಲಿಯ ಇಬ್ಬರೂ ಇಲ್ಲ ಎಂದು ಬರೆದರು, ಅದು ಸತ್ಯವೇ ಆಗಿತ್ತು. ಕಾಕಾನಿಗೆ ಆ ಪ್ರಶ್ನೆ ಕೇಳಿ ಬಹಳ ಸಂತೋಷವಾಯಿತು. ನಮ್ಮಲ್ಲಿ ಕುರಿ ಎಷ್ಟಿವೆ ಎಂದು ಕೇಳುವುದು ಹೆಣ್ಣು ಕೊಡುವ ಮನೆಯವರು ಮಾತ್ರ.

"ನೂರಾ ನಲವತ್ತ ಅವ ಅಂತ ಬರೀರಿ," ಎಂದ. "ಇದರಾಗ ಮರಿ ಹಿಡದಿಲ್ಲ ಅಂತನೂ ಬರೀರಿ."

ಅಧಿಕಾರಿಗಳು ಕಾಕಾನನ್ನು ಬದಿಗೆ ಕರೆದರು. ಮೇಜಿನ ಮುಂದೆ ನಿಲ್ಲಿಸಿ ಚಪ್ಪಲಿ ಬಿಡಿಸಿದರು. ಚಪ್ಪಲಿಯ ತಳದಲ್ಲಿ ಔರಾದಿನ ಹಿಕ್ಕೆ, ಮಣ್ಣು ಎಲ್ಲಾ ಮೆತ್ತಿಕೊಂಡಿತ್ತು. ಪರದೇಶದ ರೋಗ ತಮ್ಮ ಕುರಿಗಳಿಗೆ ತಗಲಬಾರದೆಂದು ಅಲ್ಲಿ ಅದನ್ನೆಲ್ಲ ತೊಳೆಯುತ್ತಾರೆ. ಕೈಗೆ ರಬ್ಬರಿನ ಗವಸು ಹಾಕಿಕೊಂಡ ಒಬ್ಬ ಎತ್ತರದ ಬಿಳಿ ಮನುಷ್ಯ, ಬ್ರಶ್ಶು ಹಿಡಿದು, ಔಷಧಿ ಹಾಕಿ, ಉಜ್ಜಿ ಉಜ್ಜಿ ತೊಳೆದು, ಒರೆಸಿ, ಒಂದು ತಟ್ಟೆಯಲ್ಲಿಟ್ಟು ಎರಡೂ ಕೈಯಿಂದ ಕಾಕಾನ ಮುಂದೆ ಹಿಡಿದನಂತೆ.

ಊರಿಗೆ ಬಂದ ಮೇಲೆ ಇದನ್ನು ಹೇಳುವಾಗ ಕಾಕಾ ಆ ಚಪ್ಪಲಿ ಬಿಚ್ಚಿ ನನಗೆ ತೋರಿಸಿದ. "ನಾವು ಬೀಗರು ಬಂದ್ರ ಕಾಲಿಗಿ ಒಂದ್ ಚರಗಿ ನೀರ ಕೊಡ್ತೇವಿ, ಅಷ್ಟೇ. ಅವ್ರು ನನ್ನ ಕಾಲಾಗಿನ ಕೆರ ತೊಳದು ಕೊಟ್ಟಾರ್ರೀ! ನನ್ನ ಸ್ವಂತ ಅಳಿಯ ಮುಟ್ಟಿಲ್ಲ ಅವನ್ನ."

"ಮತ್ತ ನಿಮ್ಮ ಕೂಡ ಬಂದ ಇಬ್ಬರದು?" ಎಂದು ಕೇಳಿದೆ.

ಕಾಕಾ ಅಯ್ಯೋ ಪಾಪ ಎನ್ನುವಂತೆ ಕೈ ಆಡಿಸಿದ. "ಅವ್ರ ಬೂಟಿನ ಕಡೀಗಿ ಯಾರೂ ತಿರುಗಿ ನೋಡಿಲ್ರಿ. ಕುರಿ ಇಲ್ದಾವಗ ಆ ದೇಶದಾಗ ಕಿಮ್ಮತ್ತೇ ಇಲ್ಲ."

ತುಪ್ಪದ ಡಬ್ಬಿ

ಅತ್ತೆಯ ಸಾಮಾನು ಕಟ್ಟುವ ದಿನ ಬಂತು. ಬಾಣಂತಿಯ ಹತ್ತಿರ ಬರಿಗೈಯಲ್ಲಿ ಹೋಗಲಾದೀತೇ? ಜೋಳದ ಹಿಟ್ಟು, ಕಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಬಾಣಂತಿಗೆ ಹಾಲು ಹೆಚ್ಚಲು ಅಳವಿ ಬೀಜ, ಕೂಸಿಗೆ ಹಳೆಯ ಸೀರೆಯ ಮೆತ್ತನೆಯ ತುಂಡುಗಳು. ಒಣ ಕೊಬ್ಬರಿ ವಿಮಾನದಲ್ಲಿ ನಡೆಯುವುದಿಲ್ಲ ಎಂದು ತೆಗೆಸಿದೆ. ಗಸಗಸೆ ಕಂಡು ನನಗೆ ಜ್ವರ ಬಂದಂತಾಯಿತು. ನಡುವೆ ವಿಮಾನ ಬದಲಾಯಿಸುವುದು ದುಬೈಯಲ್ಲಿ, ಅಲ್ಲಿ ಗಸಗಸೆ ಸಿಕ್ಕರೆ ಅಫೀಮು ಸಿಕ್ಕಂತೆಯೇ ಹಿಡಿದು ಒಳಗೆ ಹಾಕುತ್ತಾರೆ. ಅದನ್ನೂ ತೆಗೆಸಿದೆ. ಅತ್ತೆ ತುಟಿ ಬಿಗಿದು ಎಲ್ಲಾ ಕೊಟ್ಟಳು.

ಕಡೆಗೆ ಉಳಿದದ್ದು ತುಪ್ಪದ ಡಬ್ಬಿ. ಅತ್ತೆಗೆ ಭಾಲ್ಕಿಯಲ್ಲಿ ಒಂದು ಎಮ್ಮೆ ಇತ್ತು, ನೆರೆಮನೆಯವರಿಗೆ ಒಪ್ಪಿಸಿ ಬಂದಿದ್ದಳು. ಮಾವ ತೀರಿದ ಮೇಲೆ ಆಕೆ ಮಾತಾಡಿದ್ದು ಹೆಚ್ಚಾಗಿ ಅದರ ಜೊತೆಗೇ. ಅದೇ ಎಮ್ಮೆಯ ತುಪ್ಪ.

"ಅತ್ತಿ, ಇಂಗ್ಲೆಂಡದಾಗ ಹಾಲಿನ ಪದಾರ್ಥ ಒಯ್ಯಂಗಿಲ್ರಿ. ಸರಕಾರದ ಕಾನೂನ ಅದ."

"ಎಮ್ಮಿ ನಂದು, ಮಗಳು ನನ್ನಾಕಿ. ನಡುವ ಆ ಸರಕಾರದ್ದೇನ್ ಹೋಗ್ತದ್ರಿ?"

ನಾನು ನನ್ನ ಹಸಿರು ಕಾಗದದ ಎರಡೂ ಬದಿ ತಿರುಗಿಸಿ ನೋಡಿದೆ. ನನ್ನ ಹೆಂಡತಿ ನಡುವೆ ಬಂದು ಡಬ್ಬಿ ಎತ್ತಿ ನಮ್ಮ ಅಡಿಗೆಮನೆಯಲ್ಲಿಟ್ಟಳು. ಆ ತುಪ್ಪವನ್ನು ಮುಂದೆ ಒಂದೂವರೆ ತಿಂಗಳು ನಾನು ಬಿಸಿ ರೊಟ್ಟಿಯ ಮೇಲೆ ಹಾಕಿಕೊಂಡು ಉಂಡೆ, ಇಂಗ್ಲೆಂಡಿನ ಕಾನೂನಿಗೆ ಒಂದೊಂದು ತುತ್ತಿಗೂ ಕೈ ಮುಗಿಯುತ್ತ.

ಎಷ್ಟು ದಿನ ಇರ್ತೀರಿ?

ಮುಖ್ಯ ಪಾಠ ಒಂದು ಉಳಿದಿತ್ತು. ಇಂಗ್ಲೆಂಡಿನಲ್ಲಿ ಇಳಿದ ಮೇಲೆ ಅಲ್ಲಿನ ಅಧಿಕಾರಿಗೆ ಉತ್ತರ ಕೊಡಬೇಕು. ಅವನಿಗೆ ಸಮಾಧಾನವಾಗದಿದ್ದರೆ ಬಂದ ದಾರಿಯಲ್ಲೇ ವಾಪಸು. ಇದೊಂದು ನೆನೆದರೆ ನನ್ನ ಹೆಂಡತಿಗೆ ಊಟ ಸೇರುತ್ತಿರಲಿಲ್ಲ. ನಾನು ಝೆರಾಕ್ಸ್ ಮಶಿನ್ನಿನ ಹಿಂದೆ ಅಧಿಕಾರಿಯಾಗಿ ಕೂತು ದಿನಾ ಕೇಳುತ್ತಿದ್ದೆ.

"ಯಾಕ ಬಂದೀರಿ?"

"ಮಗಳ ಬಾಣಂತನಕ್ಕ."

"ಎಷ್ಟು ದಿನ ಇರ್ತೀರಿ?"

"ನಲವತ್ತೈದ ದಿನ."

ಗಿಳಿಯಂತೆ ಹೇಳುತ್ತಿದ್ದಳು. ಅಂಗಡಿಗೆ ಬಂದ ಗಿರಾಕಿಗಳೂ ಶಹಬ್ಬಾಸ್ ಅಂದರು.

ಅತ್ತೆ ಹೊರಟಳು. ಮರುದಿನ ಮಧ್ಯಾಹ್ನ ಅಂಗಡಿಯಲ್ಲಿದ್ದೆ, ನಾದಿನಿಯ ಫೋನು ಬಂತು. ತುಂಬಿದ ಬಸುರಿ, ವಿಮಾನ ನಿಲ್ದಾಣದ ಹೊರಗೆ ನಿಂತಿದ್ದಾಳೆ. ವಿಮಾನ ಇಳಿದು ಎರಡು ತಾಸಾಗಿದೆ, ಅದರಲ್ಲಿ ಬಂದವರೆಲ್ಲ ಹೊರಗೆ ಬಂದು ಹೋಗಿದ್ದಾರೆ, ಅವ್ವ ಬಂದಿಲ್ಲ. "ಮಾಮಾ, ಅವ್ವನ್ನ ತಿರುಗಿ ಕಳಸ್ತಾರೇನೋ," ಎಂದು ಅಳುತ್ತಿದ್ದಳು. ಊರಿಗೆಲ್ಲ ಹಂಚಿದ ಆ ಹಸಿರು ಕಾಗದವನ್ನು ಒಲೆಗೆ ಹಾಕಿಬಿಡಬೇಕು ಅನ್ನಿಸಿತು. ದವಾಖಾನೆಯಲ್ಲಿ ಕೆಲಸಕ್ಕಿದ್ದ ಹೆಂಡತಿ ಡ್ಯೂಟಿಯ ಸೀರೆಯಲ್ಲೇ ಓಡಿ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಹಸಿರು ಕಾಗದ ತೆಗೆದುಕೊಂಡು ಮೊದಲ ಸಾಲಿನಿಂದ ಓದತೊಡಗಿದಳು. ಬೈದಿದ್ದರೆ ಸುಖವಿತ್ತು.

ಒಳಗೆ ಆದದ್ದನ್ನು ಅತ್ತೆಯೇ ಆಮೇಲೆ ಹೇಳಿದಳು.

ಅಧಿಕಾರಿ ಒಬ್ಬ ಬಿಳಿ ಹುಡುಗ. ಅತ್ತೆಗೆ ಇಂಗ್ಲಿಷು ಬಾರದ್ದಕ್ಕೆ ಫೋನಿನಲ್ಲಿ ಕನ್ನಡ ಮಾತಾಡುವವರೊಬ್ಬರನ್ನು ಹುಡುಕಿ ಹಿಡಿಯಲು ಒಂದೂವರೆ ತಾಸು ಬೇಕಾಯಿತು. ಸಿಕ್ಕವರು ಮೈಸೂರಿನ ಕಡೆಯವರು. ಯಾಕೆ ಬಂದಿರಿ ಎಂಬುದಕ್ಕೆ ಅತ್ತೆ ಸರಿಯಾಗಿಯೇ ಹೇಳಿದಳು. ಆಮೇಲೆ ಫೋನಿನಲ್ಲಿ ಎರಡನೆಯ ಪ್ರಶ್ನೆ ಬಂತು.

"ಎಷ್ಟು ದಿನ ಇರ್ತೀರ ಅಂತ ಕೇಳ್ತಿದ್ದಾರೆ, ಅಮ್ಮ."

ಅತ್ತೆಗೆ ಸಿಟ್ಟು ನೆತ್ತಿಗೇರಿತು. ಬೀದರ ಜಿಲ್ಲೆಯಲ್ಲಿ, ಮನೆಗೆ ಬಂದ ವೈರಿಯನ್ನೂ ಯಾರೂ ಹೀಗೆ ಕೇಳುವುದಿಲ್ಲ. ಯಾವಾಗ ಬಂದಿರಿ ಎಂದು ಕೇಳಬಹುದು. ಯಾವಾಗ ಹೋಗುತ್ತೀರಿ ಎಂದು ಕೇಳಿದರೆ ಬೀಗಸ್ತನವೇ ಮುರಿಯುತ್ತದೆ. ಅಂಗಡಿಯಲ್ಲಿ ಅಳಿಯ ಕೇಳಿದ್ದು ಬರೀ ಆಟಕ್ಕೆ ಎಂದು ಆಕೆ ತಿಳಿದಿದ್ದಳು. ಖರೇನೇ ಯಾರಾದರೂ ಕೇಳಿಯಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಏನಪ್ಪಾ, ಕೂಡ್ರಿ ಅಂದಿಲ್ಲ, ನೀರ ಕುಡೀತೀರೇನು ಅಂದಿಲ್ಲ, ಬಾಗಲದಾಗ ನಿಂದ್ರಿಸಿ ಯಾವಾಗ ಹೋಗ್ತಿ ಅಂತ ಕೇಳ್ತೀರಿ? ನಾ ಹೇಳಿದ್ದು ಹೇಳಿದಂಗೇ ಅವಗ ಹೇಳು!"

ಮೈಸೂರಿನವರು ಪಾಪ, ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದರು. ಹುಡುಗ ತಬ್ಬಿಬ್ಬಾಗಿ ಎದ್ದು ಹೋಗಿ, ಒಂದು ಕುರ್ಚಿ ತಂದ, ಒಂದು ಲೋಟ ನೀರು ತಂದ. ಅತ್ತೆ ಕೂತು, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಚೀಲದಿಂದ ವಾಪಸು ಟಿಕೀಟು ತೆಗೆದು ಮೇಜಿನ ಮೇಲೆ ಬಡಿದಳು.

"ನೋಡು, ಹೋಗು ಟಿಕೀಟ ಕೈಯಾಗ ಹಿಡಕೊಂಡೇ ಬಂದೀನಿ. ನಿಮ್ಮ ಮನ್ಯಾಗ ಕೂತ ಉಣ್ಣಾಕಿ ನಾ ಅಲ್ಲ. ಊರಾಗ ನನ್ನ ಎಮ್ಮಿ ಗಬ್ಬ ಅದ, ಅದು ಈಯೂದ್ರಾಗ ನಾ ಹೋಗ್ಬೇಕು. ನಿಮ್ಮ ರಾಣಿ ಬಂದು ಕಾಲ ಬಿದ್ರೂ ಒಂದ್ ದಿನ ಹೆಚ್ಚಿಗಿ ಇರಂಗಿಲ್ಲ!"

ಬಂದವರು ತಮ್ಮ ದೇಶದಲ್ಲೇ ಬೇರು ಬಿಟ್ಟುಬಿಟ್ಟಾರೋ ಎಂಬುದೊಂದೇ ಆ ಅಧಿಕಾರಿಗಳ ಭಯ. ಅದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ವಕೀಲನೂ ಬರೆದುಕೊಡಲಾರ. ಹುಡುಗ ಫೋನಿನಲ್ಲಿ ಪೂರಾ ಕೇಳಿ, ನಗು ತಡೆದುಕೊಂಡು, ಆಕೆಯ ಚೀಲ ತಾನೇ ಎತ್ತಿಕೊಂಡು ಬಾಗಿಲ ತನಕ ಬಂದ. ಆರು ತಿಂಗಳಾದರೂ ಇರಬಹುದು, ಎಮ್ಮೆಯನ್ನು ಕೇಳಿದೆನೆಂದು ಹೇಳಿ ಎಂದು, ಫೋನಿಡುವ ಮೊದಲೇ ಮೈಸೂರಿನವರಿಂದ ಹೇಳಿಸಿದ್ದನಂತೆ.

ನಾಲ್ಕನೆಯ ದಿನ ನಾದಿನಿ ಹೆಣ್ಣು ಹಡೆದಳು. ದವಾಖಾನೆಯ ಕೋಣೆಯಲ್ಲಿ ಅತ್ತೆ ಪಕ್ಕದಲ್ಲಿ ನಿಂತು ತನ್ನ ಮೂರು ಇಂಗ್ಲಿಷ್ ಶಬ್ದಗಳನ್ನೂ ಬಳಸಿದಳು. ಫೋಟೊ ನೋಡಿ ನನ್ನ ಹೆಂಡತಿ ಅತ್ತಳು. ನಾನೂ ಝೆರಾಕ್ಸ್ ಮಶಿನ್ನಿನ ಹಿಂದೆ ಬಗ್ಗಿ ಕಣ್ಣು ಒರೆಸಿಕೊಂಡೆ.

ಹೇಳಿದ ಮಾತಿನಂತೆ ಅತ್ತೆ ನಲವತ್ತೈದನೆಯ ದಿನ ವಾಪಸು ಬಂದು, ಹೈದರಾಬಾದಿನಿಂದ ನೇರ ಚಿದ್ರಿಗೆ ಬಂದಿಳಿದಳು. ಭಾಲ್ಕಿಗೆ ಗಾಡಿ ಹೇಳಬೇಕಲ್ಲ ಎಂಬ ಒಂದೇ ಕಾರಣಕ್ಕೆ, ಒಂದು ತಿಂಗಳು ದಿನಾ ಕೇಳಿದ ಚಾಳಿಯಿಂದ, ನನ್ನ ಬಾಯಿಂದ ಹೊರಟೇಬಿಟ್ಟಿತು:

"ಅತ್ತಿ, ಎಷ್ಟು ದಿನ ಇರ್ತೀರಿ?"

ಒಳಗೆ ಹೆಂಡತಿಯ ಕೈಯಿಂದ ಪಾತ್ರೆ ಬಿತ್ತು. ಅತ್ತೆ ಚೀಲ ನೆಲಕ್ಕಿಟ್ಟು, ನನ್ನನ್ನು ನೆತ್ತಿಯಿಂದ ಅಂಗಾಲಿನ ತನಕ ನೋಡಿದಳು.

"ಆ ಪರಕೀಯ ಹುಡುಗ ನನಗ ಆರ ತಿಂಗಳ ಕೊಟ್ಟಾನ. ನೀವೆಷ್ಟ್ ಕೊಡ್ತೀರಿ, ಅಳಿಯಂದ್ರ?"

ಇದು ಈಗ ಐದನೆಯ ತಿಂಗಳು. ಎಮ್ಮೆಯನ್ನೂ ಭಾಲ್ಕಿಯಿಂದ ತರಿಸಿಕೊಂಡಿದ್ದಾಳೆ. ಹಿತ್ತಲಲ್ಲಿ ನನ್ನ ಸ್ಕೂಟರ್ ನಿಲ್ಲುತ್ತಿದ್ದ ತಗಡಿನ ಕೆಳಗೆ ಅದು ಈದಿತು. ಅವತ್ತು ಅತ್ತೆ ಒಂದು ಬೋಗುಣಿ ತುಂಬ ಗಿಣ್ಣ ಮಾಡಿ, ನನ್ನ ತಟ್ಟೆಗೆ ಒಂದು ಚಮಚ ಹಾಕಿ, "ಇನ್ನಷ್ಟ ಹಾಕ್ಲೇನ್ರಿ?" ಎಂದಳು.

"ಬ್ಯಾಡ್ರಿ ಅತ್ತಿ," ಎಂದೆ, ಮರ್ಯಾದೆಗೆ.

ಆಕೆ ಬೋಗುಣಿಗೆ ಮುಚ್ಚಳ ಮುಚ್ಚಿ, ಎತ್ತಿಕೊಂಡು ಒಳಗೆ ಹೊರಟಳು. ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದಳು:

"ಒಮ್ಮಿ ಬ್ಯಾಡಂದ್ರ ಬ್ಯಾಡೇ. ನಿಮ್ಮ ಹಸರ ಕಾಗದದಾಗ ಬರದದ."